ಜಂಗು

ಅಪ್ಪಂದಲ್ಲ ಇದು. ಅಣ್ಣಂದೂ ಅಲ್ಲ.
ಶಹಾಬಜಾರ ನಾಕಾದ ಗುಜರಿ ಅಂಗಡ್ಯಾಗ
ಮುರುಕ ಕೂಲರುಗಳ ನಡುವ
ಒಂದು ಕೊಂಬು ಹೊರಗ ಚಾಚಿ ನಿಂತಿತ್ತು ರಾಜದೂತ.
ಕಬ್ಬಿಣದ ತೂಕಕ್ಕ ತೂಗಿ ಕೊಟ್ಟ,
ಎರಡು ಕಿಲೋ ಮಣ್ಣಿನ ಲೆಕ್ಕ ಬಿಟ್ಟ.

ತಳ್ಳುಗಾಡ್ಯಾಗ ಮಲಗಿಸಿ ತಂದೆ.
ಓಣಿ ಮಂದಿ ಬಾಗಿಲಿಗೆ ಬಂದು ನೋಡಿದರು,
ಹೆಣ ಬಂತೋ, ಹೆಣ್ಣು ಬಂತೋ ಅನ್ನೋಹಂಗ.
"ಕಂಡಕ್ಟರ್ ಬಾಯಿಗೆ ಬಸ್ಸು ಸಾಲವಲ್ದೇನ?" ಅಂದಳು
ಮನಿ ಮಾಲಕಿ ಗೌರಾಬಾಯಿ.
ಹದಿನೇಳು ವರ್ಷ ಆಳಂದದ ಬಸ್ಸಿನಾಗ
ರೈಟ್ ಅಂದಾಕಿ ನಾನು, ಹೋಲ್ಡಾನ್ ಅಂದಾಕಿ ನಾನು.
ಆಕಿಗೇನ ಹೇಳಲಿ.

ಇರೋದು ಒಂದೂವರಿ ಖೋಲಿ.
ಜೋಳದ ಚೀಲ ಸರಿಸಿ, ಮಂಚ ಎಬ್ಬಿಸಿ ಗ್ವಾಡಿಗೆ ಹಚ್ಚಿ
ಫರಸಿ ಮ್ಯಾಲ ಹಳೇ ಸೀರಿ ಹಾಸಿ ಬಿಚ್ಚಲಿಕ್ಕೆ ಕುಂತೆ.
ಬಿಚ್ಚೋದು ಭಾಳ ಸಸಾರ.

ಟಂಕಿಯೊಳಗ ಜಂಗು, ಮುಟ್ಟಿದರ ಖಾರಪುಡಿಯಂಗ ಉದುರೋದು.
ಕಿಲೋ ಹುಣಸಿಹಣ್ಣು ನೆನಸಿ ಹೊಯ್ದೆ, ಹಿಡಿ ಹಳ್ಳು ಹಾಕಿ
ಕೂಸಿನಂಗ ಎತ್ತಿಕೊಂಡು ಅಲ್ಲಾಡಿಸಿದೆ ಮೂರು ರಾತ್ರಿ.
ನಾಲ್ಕನೇ ಮುಂಜಾನಿ ಒಳಗ ಬೆಳ್ಳಿ!
ಪೆಟ್ರೋಲ್ ಹಾಕಿದೆ. ಹದಿಮೂರು ಕಡೆ ಸೋರಿತು.
ಜಂಗೇ ಹಿಡಕೊಂಡಿತ್ತು ಕಾಣ್ತದ
ಇಷ್ಟು ವರ್ಷ ಆ ತೂತುಗಳನ್ನ.
ಸಾಬಾಣ ತಿಕ್ಕಿದೆ. ಬೆರಳು ಒತ್ತಿ ಹಿಡದೆ.
ಬೆರಳು ಹತ್ತು.

ಆ ವಾರ ರೊಟ್ಟಿಗೂ ಪೆಟ್ರೋಲ್ ವಾಸನಿ.
ರೇವಣಪ್ಪ ಮುರಿದ, ಮೂಸಿದ, ಏನೂ ಅನ್ನಲಿಲ್ಲ.
ಬೀಡಿ ಹಚ್ಚಲಿಕ್ಕೆ ಮಾತ್ರ
ಓಣಿ ಕಡಿತನಕ ನಡದು ಹೋದ ನನ್ನ ಗಂಡ.

ಪಿಸ್ಟನ್ ಕಚ್ಚಿ ಕುಂತಿತ್ತು.
"ಚಿಮಣಿ ಎಣ್ಣಿ ಹಾಕು, ಎಂಟು ದಿನ ಮರತು ಬಿಡು," ಅಂದ
ಮಿಸ್ತ್ರಿ ರುಕ್ನೋದ್ದೀನ್ ಚಾಚಾ.
ಮರೀಲಿಕ್ಕೆ ಆಗಲಿಲ್ಲ. ಐದನೇ ದಿನಕ್ಕ ಕಟಗಿ ಇಟ್ಟು ಹೊಡದೆ.
ಹೈದರಾಬಾದಿನಿಂದ ಬಂದ ರಿಂಗು ಒಂದು ಕೂದಲೆಳಿ ದೊಡ್ಡದು,
ಅದನ್ನ ಕಳಿಸಿ ತರಿಸಿದ್ದು ಒಂದು ಕೂದಲೆಳಿ ಸಣ್ಣದು.
ನಡುವ ಎರಡು ಪಗಾರ.

ಬ್ಯಾಸಗಿ ಬಂತು. ನಲವತ್ನಾಲ್ಕು ಡಿಗ್ರಿಗೆ
ರಬ್ಬರೆಲ್ಲ ಬೆಲ್ಲದಂಗ ಆದವು.
ಇಲಿ ಸೀಟಿನ ನಾರು ಕಿತ್ತು, ನನ್ನ ಟಿಕೆಟ್ ರೋಲ್ ಹರದು ಬೆರೆಸಿ
ಗೂಡು ಕಟ್ಟಿತ್ತು. ಆರು ಮರಿ,
ಕೆಂಪಗ, ಕಣ್ಣು ತೆರೆದಿರಲಿಲ್ಲ ಇನ್ನೂ.
ಮೂರು ವಾರ ಸೀಟು ಮುಟ್ಟಲಿಲ್ಲ ನಾ.
ಹೋಗೋಮುಂದ ವೈರು ಕಡದು ಹೋದವು.

ಮತ್ತ ಆ ಪಿನ್ನಿನ ಲಾಕು, ಮೂಗುಬೊಟ್ಟಿನಷ್ಟು,
ಚಿಮಟಿಯಿಂದ ಜಿಗಿದು ಫರಸಿ ಸಂದ್ಯಾಗ ಇಳೀತು.
ಗೌರಾಬಾಯಿ ಮಧ್ಯಾಹ್ನ ಮಲಗಿದಾಗ ಕಲ್ಲು ಎಬ್ಬಿಸಿದೆ.
ಸಿಕ್ಕದ್ದು ಒಂದು ಹೇರ್‌ಪಿನ್, ಇಪ್ಪತ್ತು ಪೈಸಾ,
ಹಿಂದಿನ ಬಾಡಿಗಿಯವರ ಯಾವದೋ ಕೂಸಿನ ಹಾಲುಹಲ್ಲು.
ಕಲ್ಲು ತಿರಗಿ ಕುಂತದ್ದು ಬೆರಳು ಎತ್ತರ.
ಈಗೂ ಬಂದವರೆಲ್ಲ ಅಲ್ಲೇ ಎಡವತಾರ.

ಕಾರಹುಣ್ಣಿಮಿ ಮರುದಿನ
ಚಾಚಾ ಕೊಟ್ಟ ಲಾಕು, ಚಾಚಾ ಕೊಟ್ಟ ಹಳೇ ಟಂಕಿ.
ಕಿಕ್ಕು ತಿರುಗಿ ಮೊಣಕಾಲ ಕೆಳಗ ಬಡೀತು ಎರಡು ಸಲ.
ನಲವತ್ತನೇದಕ್ಕೋ ಏನೋ,
ಹತ್ತಿತು.

ಹನ್ನೊಂದು ಎಣಿಸಿದೆ. ನಿಂತಿತು.
ನೀಲಿ ಹೊಗಿ ಮಾತ್ರ ಖೋಲ್ಯಾಗ ಉಳೀತು,
ಜೋಳದ ಚೀಲದ ಮ್ಯಾಲ, ದೇವರ ಮಾಡದಾಗ,
ಹಗ್ಗದ ಮ್ಯಾಲ ಒಣಗಲಿಕ್ಕೆ ಹಾಕಿದ ಖಾಕಿಯೊಳಗ.
ಗೌರಾಬಾಯಿ ಕೆಮ್ಮಕೋತ ಬಂದು ಬಾಗಿಲ ಹಿಡದು ಕೇಳಿದಳು:
"ಎಲ್ಲಿತನಕ ಹೋಗ್ತದ ಇದು?"

ಮುಂಜಾನಿ ಐದೂ ನಲವತ್ತರ ಗಾಡಿ.
ಕಡಗಂಚಿ ದಾಟಿರಲಿಲ್ಲ,
ಡ್ರೈವರ್ ಮಲ್ಕಪ್ಪ ಮೂಗು ಏರಿಸಿದ, ಮತ್ತೊಮ್ಮೆ ಏರಿಸಿದ.
"ಎಲ್ಲೋ ಎಣ್ಣಿ ಸುಡ್ಲತದಲ್ಲ," ಅಂತ
ಬಸ್ಸು ಬದಿಗೆ ಹಚ್ಚಿ, ಇಳದು, ಬಾನೆಟ್ ಎತ್ತಿ ನಿಂತ.
ಖಾಕಿಯ ತೋಳು ಮಡಚಿಕೊಂಡೆ ನಾ,
ತೊಗರಿ ಹೊಲ ನೋಡಕೋತ ಸುಮ್ಮನ ಕುಂತೆ.